ಓನರಮ್ಮನ ನಾಯಿ

ಹಲಸೂರಿನ ಒಂದು ಆಸ್ಪತ್ರೆಯಲ್ಲಿ ನಾನು ನರ್ಸ್ ಆಗಿದ್ದೆ. ನೈಟ್ ಡ್ಯೂಟಿ ಮುಗಿಸಿ, ಬಸ್ಸು ಹಿಡಿದು ರಾಮಮೂರ್ತಿ ನಗರದ ಬಾಡಿಗೆ ಮನೆಗೆ ಬಂದು ಮಲಗುವ ಹೊತ್ತಿಗೆ ಬೀದಿಯೆಲ್ಲ ಎದ್ದಿರುತ್ತಿತ್ತು. ಎರಡು ಸಾವಿರದ ಇಸವಿಯ ಆಸುಪಾಸಿನ ಮಾತಿದು. ನಾನು, ನನ್ನ ಗಂಡ ಇದ್ದದ್ದು ಮಹಡಿ ಮೇಲೆ. ಕೆಳಗೆ ಓನರಮ್ಮ. ಅವರದು ಆ ಕಡೆಯ ಹಳೇ ಒಕ್ಕಲುತನದ ಮನೆ. ರಾಗಿ ಹೊಲಗಳು ಸೈಟುಗಳಾಗಿ, ಸೈಟುಗಳ ಮೇಲೆ ಬಾಡಿಗೆ ಮನೆಗಳು ಎದ್ದಿದ್ದವು. ಮಗ, ಸೊಸೆ ಬೆಳಿಗ್ಗೆ ಕೆಲಸಕ್ಕೆ ಹೋದರೆ ಉಳಿಯುವವರು ಓನರಮ್ಮ ಮತ್ತು ಗೇಟಿನ ಬಳಿ ಕಟ್ಟಿದ್ದ ಕಂದು ನಾಯಿ.

ಆ ನಾಯಿ ಒಮ್ಮೆ ಶುರು ಮಾಡಿತೆಂದರೆ ನಿಲ್ಲಿಸುತ್ತಿರಲಿಲ್ಲ. ಸೊಪ್ಪಿನವಳು ಬಂದರೂ ಬೊಗಳುತ್ತಿತ್ತು, ಪೋಸ್ಟ್‌ಮ್ಯಾನ್ ಬಂದರೂ ಬೊಗಳುತ್ತಿತ್ತು. ನಾನು ಕಿವಿಗೆ ಹತ್ತಿ ತುರುಕಿ, ಮೇಲೊಂದು ದಿಂಬು ಒತ್ತಿಕೊಂಡು ಮಲಗುತ್ತಿದ್ದೆ. ಡ್ಯೂಟಿಯಲ್ಲಿ ಇಂಜೆಕ್ಷನ್ ಟ್ರೇ ಹಿಡಿದುಕೊಂಡೇ ತೂಕಡಿಸಿ ಹೆಡ್ ಸಿಸ್ಟರ್ ಕೈಲಿ ಬೈಸಿಕೊಂಡ ಮೇಲೆ ಕೆಳಗಿಳಿದು ಹೋದೆ.

"ಅಮ್ಮಾರೇ, ನಾಯಿ ಭಾಳ ಬೊಗಳಕತ್ತೈತ್ರೀ. ನನಗ ನಿದ್ದಿನ ಇಲ್ದಂಗಾಗೈತಿ."

ಓನರಮ್ಮ ನಕ್ಕು, "ಆಯ್ತು ಕಣವ್ವಾ, ನಿಂದು ಊಟ ಆಯ್ತಾ?" ಎಂದರು.

ನಾನು ರಾಯಚೂರಿನವಳು. ನನ್ನ ಮಾತು ಆ ಬೀದಿಯ ಅಂಗಡಿಯವರಿಗೂ ಕೆಲವೊಮ್ಮೆ ತಿಳಿಯುತ್ತಿರಲಿಲ್ಲ. ಇವರಿಗೂ ಹಾಗೇ ಆಗಿರಬೇಕೆಂದು, ವಾರ್ಡಿನಲ್ಲಿ ಕಲಿತ ಬೆಂಗಳೂರು ಕನ್ನಡದಲ್ಲಿ ಇನ್ನೊಂದು ದಿನ ಕೇಳಿದೆ: "ನಾಯಿನ ಸ್ವಲ್ಪ ಹಿಂದ್ಗಡೆ ಕಟ್ತೀರಾ ಅಮ್ಮಾ?" ತಲೆಯಾಡಿಸಿದರು. ನಾಯಿ ಮಾತ್ರ ಅಲ್ಲೇ ಇತ್ತು. ಬಾಡಿಗೆಯವಳೆಂದು ಸಸಾರ ಮಾಡುತ್ತಿದ್ದಾರೆ ಅನ್ನಿಸಿ, ಬೇರೆ ಮನೆ ನೋಡೋಣ ಎಂದು ಗಂಡನಿಗೆ ಹೇಳಿಬಿಟ್ಟೆ.

ಅವರೆಕಾಯಿ ಕಾಲ. ಒಂದು ಬೆಳಿಗ್ಗೆ ಮತ್ತೆ ನಿದ್ದೆ ಕೆಟ್ಟು, ಇವತ್ತು ಜಗಳವೇ ಸರಿ ಎಂದು ಮೆಟ್ಟಿಲಿಳಿದೆ. ಓನರಮ್ಮ ಗೇಟಿಗೆ ಬೆನ್ನು ಹಾಕಿ ಜಗಲಿ ಮೇಲೆ ಕೂತು ಕಾಳು ಹಿಸುಕುತ್ತಿದ್ದರು. ಗ್ಯಾಸಿನವನು "ಅಮ್ಮಾ, ಗ್ಯಾಸ್!" ಎಂದು ಗೇಟು ಬಡಿಯುತ್ತಿದ್ದ. ನಾಯಿ ಅವನತ್ತ ಬೊಗಳುವುದು, ಓನರಮ್ಮನತ್ತ ತಿರುಗಿ ಬೊಗಳುವುದು. ಅವರು ತಲೆ ಎತ್ತಲೇ ಇಲ್ಲ. ನನ್ನ ಸಿಟ್ಟು ಇಳಿದುಹೋಯಿತು. ಹತ್ತಿರ ಹೋಗಿ ಹೆಗಲು ಮುಟ್ಟಿದರೆ ಬೆಚ್ಚಿಬಿದ್ದರು.

"ಯಾರಾನ ಬಂದವ್ರಾ?" ಎಂದು ನನ್ನ ಬಾಯನ್ನೇ ನೋಡುತ್ತಾ ಕೇಳಿದರು.

ಸಂಜೆ ಮಗನಿಗೆ ಹೇಳಿದೆ: "ಅಮ್ಮಂಗೆ ಕಿವಿ ಕೇಳ್ಸಲ್ಲ ಸರ್."

ಅವರು ಬೈಕಿನ ಕೀ ಜೇಬಿಗೆ ಹಾಕಿ ಜಗಲಿ ಮೇಲೆ ಕೂತರು. "ಕೊನೇ ಹೊಲ ಮಾರಿದಾಗಿಂದ ಮಾತೇ ಕಮ್ಮಿ ಮಾಡ್ಬಿಟ್ರು. ಕರೆದ್ರೂ ತಿರುಗ್ತಿರ್ಲಿಲ್ಲ. ಕೋಪ ಅಂದ್ಕೊಂಡು ನಾವೂ ಮಾತಾಡ್ಸೋದು ಬಿಟ್ಬಿಟ್ವಿ" ಎಂದರು.

ಓನರಮ್ಮನನ್ನು ನಮ್ಮ ಆಸ್ಪತ್ರೆಯ ಕಿವಿ ಡಾಕ್ಟರ ಹತ್ತಿರ ನಾನೇ ಕರೆದುಕೊಂಡು ಹೋದೆ. ಕಿವಿಗೆ ಮಷೀನ್ ಬಂತು. ಅದನ್ನು ಹಾಕಿಕೊಂಡು ಅವರು ಆಟೋದಿಂದ ಇಳಿಯುತ್ತಲೇ ನಾಯಿ ಬೊಗಳಿತು. ಓನರಮ್ಮ ಎರಡೂ ಕೈಯಲ್ಲಿ ಕಿವಿ ಮುಚ್ಚಿಕೊಂಡರು.

"ಅಯ್ಯೋ ಶಿವನೇ! ಇಷ್ಟ್ ಜೋರಾಗಿ ಬೊಗ್ಳುತ್ತಾ ಇದು? ನೀನು ಹೆಂಗವ್ವಾ ಮಲಗ್ತಿದ್ದೆ?"

"ಮಲಗ್ತಿರ್ಲಿಲ್ಲ ಅಮ್ಮಾ" ಎಂದೆ.

ಆಮೇಲೆ ಯಾರು ಬಂದರೂ, ನಾಯಿ ಒಂದೆರಡು ಸಲ ಬೊಗಳುವಷ್ಟರಲ್ಲಿ ಓನರಮ್ಮ ಎದ್ದು ಬರುತ್ತಿದ್ದರು, ಅದೂ ಸುಮ್ಮನಾಗುತ್ತಿತ್ತು. ಬೆಕ್ಕು ಕಂಡಾಗಿನ ಗಲಾಟೆ ಮಾತ್ರ ಹಾಗೇ ಉಳಿಯಿತು. ಲಾರಿ, ಮಿಕ್ಸಿ ಸದ್ದಿಗೆ ತಲೆನೋವು ಬರುತ್ತದೆಂದು ಓನರಮ್ಮ ಮಧ್ಯಾಹ್ನ ಮಷೀನ್ ತೆಗೆದಿಡುತ್ತಿದ್ದರು. ಅಷ್ಟರಲ್ಲಿ ನನ್ನ ನಿದ್ದೆ ಮುಗಿದಿರುತ್ತಿತ್ತು. ಮಗ ಬರುವ ಹೊತ್ತಿಗೆ ಮತ್ತೆ ಹಾಕಿಕೊಳ್ಳುತ್ತಿದ್ದರು. ನಾನು ಡ್ಯೂಟಿಗೆ ಹೊರಟು ಮೆಟ್ಟಿಲಿಳಿಯುವಾಗ, ಸಾರಿಗೆ ಹುಳಿ ಜಾಸ್ತಿಯಾಯಿತೆಂದು ಅವರು ಸೊಸೆಗೆ ಹೇಳುವುದೂ, ಮಗ ನಡುವೆ ಬಾಯಿ ಹಾಕಿ ಇಬ್ಬರಿಂದಲೂ ಬೈಸಿಕೊಳ್ಳುವುದೂ ಕೇಳಿಸುತ್ತಿತ್ತು.