ನಾಲ್ಕನೆಯ ಸಂಪುಟ

—ಅಥವಾ ಮೊದಲು ಬಚ್ಚಿಟ್ಟೆ, ತೆರೆದು ನೋಡಿದ್ದು ಆಮೇಲೆ. ಯಾವುದು ಮೊದಲು ಎಂಬುದೇ ಈಗ ಖಚಿತವಿಲ್ಲ. ನೆನಪು ನನಗೆ ಅನುಕೂಲವಾದ ಕ್ರಮದಲ್ಲೇ ಬರುತ್ತದೆ, ಹಾಗಾಗಿ ಅದನ್ನು ನಂಬುವುದಿಲ್ಲ. ಆಣೆ ಮಾಡಿ ಹೇಳಬಲ್ಲದ್ದು ಇಷ್ಟೇ: ನೀಲಮ್ಮನವರೇ, ನೀವು ಹುಡುಕುತ್ತಿದ್ದ ಸಂಪುಟ ಬೈಂಡಿಂಗಿಗೆ ಹೋಗಿರಲಿಲ್ಲ. ಅದು ಗ್ರಂಥಾಲಯದ ಒಳಗೇ, ನೀವು ಕೂರುತ್ತಿದ್ದ ಕುರ್ಚಿಯಿಂದ ಮೂವತ್ತು ಹೆಜ್ಜೆ ದೂರದಲ್ಲಿತ್ತು. ಬಚ್ಚಿಟ್ಟವನು ನಾನು.

ಆರು ವರ್ಷವಾಯಿತು. ಏಳೂ ಇರಬಹುದು.

ಜಯನಗರದ ಆ ದೊಡ್ಡ ಗ್ರಂಥಾಲಯಕ್ಕೆ ನಾನು ಆಗ ವಾರಕ್ಕೆ ಆರು ದಿನ ಬರುತ್ತಿದ್ದೆ. ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವ ಕೆಲಸದಿಂದ ನಿವೃತ್ತನಾಗಿದ್ದೆ. ಜರಗನಹಳ್ಳಿಯ ಬಾಡಿಗೆ ಕೋಣೆಗೆ ಬೀಗ ಹಾಕಿ ಕನಕಪುರ ರಸ್ತೆಯಲ್ಲಿ ಬಸ್ಸು ಹತ್ತಿದರೆ, ಸಂಜೆ ಅಲ್ಲಿಯವರು ಕಿಟಕಿ ಮುಚ್ಚುವ ತನಕ ಎರಡನೇ ಮಹಡಿಯ ಹಳೆಯ ಪತ್ರಿಕೆಗಳ ವಿಭಾಗದಲ್ಲಿ. ಹಳೆಯ ಜಾಹೀರಾತುಗಳ ಬಗ್ಗೆ ಪುಸ್ತಕ ಬರೆಯುತ್ತಿದ್ದೇನೆ ಎಂದು ಎಲ್ಲರಿಗೂ ಹೇಳಿದ್ದೆ. ಬರೆಯುತ್ತಿರಲಿಲ್ಲ. ಸಾಬೂನು, ತಲೆನೋವಿನ ಮಾತ್ರೆ, ರೇಡಿಯೊ— ಇವುಗಳ ಹೆಸರನ್ನು ನೋಟ್‌ಬುಕ್ಕಿನಲ್ಲಿ ಇಳಿಸಿಕೊಳ್ಳುತ್ತಿದ್ದೆ, ಅಷ್ಟೆ. ಕೆಲವು ದಿನ ನಾನು ಬಾಯಿಬಿಟ್ಟು ಆಡುತ್ತಿದ್ದ ಮಾತು ಎರಡೇ: ಬಸ್ಸಿನಲ್ಲಿ ನಿಲ್ದಾಣದ ಹೆಸರು, ಕೌಂಟರಿನಲ್ಲಿ ನಮಸ್ಕಾರ.

ಆ ವಿಭಾಗದಲ್ಲಿ ಓದುಗರು ಕಪಾಟುಗಳ ಬಳಿ ಹೋಗುವಂತಿಲ್ಲ. ಚೀಟಿ ಬರೆದುಕೊಟ್ಟರೆ ಅಟೆಂಡರ್ ರುದ್ರಪ್ಪ ಒಳಗಿನಿಂದ ಸಂಪುಟ ತಂದುಕೊಡಬೇಕು. ರುದ್ರಪ್ಪನಿಗೆ ಮಂಡಿನೋವು. "ನೀವೇ ಹೋಗಿ ತಗೊಂಬಿಡಿ ಸಾರ್, ನನಗಿಂತ ನಿಮಗೇ ಚೆನ್ನಾಗಿ ಗೊತ್ತು" ಎಂದು ಬಾಗಿಲು ತೆರೆದು ಕೊಡುತ್ತಿದ್ದ. ಅದೊಂದು ಸಲುಗೆ. ಅದನ್ನು ನಾನು ಬಳಸಿಕೊಂಡದ್ದು ಹೀಗೆ.

ನೀವು ಮೊದಲ ದಿನ ಬಂದಾಗ ಚೀಟಿಯಲ್ಲಿ ವಾರಪತ್ರಿಕೆಯ ಹೆಸರು, ವರ್ಷ ಎರಡನ್ನೂ ತಡವರಿಸದೆ ಬರೆದಿರಿ. ರುದ್ರಪ್ಪ ನಿಮಗೆ ನನ್ನನ್ನು ತೋರಿಸಿದ. ನಾನು ಯಾಕೆ ಎಂದು ಕೇಳಿರಲಿಲ್ಲ, ನೀವಾಗಿಯೇ ಹೇಳಿದಿರಿ.

"ನಮ್ಮ ಶೈಲಾಂದು ಒಂದ ಫೋಟೋ ತೆಗಸಿದ್ವಿರಿ, ಒಂದ. ನಮ್ಮವರು ಅದನ್ನ ಈ ಪತ್ರಿಕಿಗೆ ಕಳಿಸಿದ್ರು, ಕೂಸುಗಳ ಫೋಟೋ ಹಾಕ್ತಿದ್ರಲ್ಲ, ಅದಕ್ಕ. ಅದು ಅಚ್ಚಾಗೂದ್ರಾಗ ಕೂಸು ಹೋತು. ಆಮ್ಯಾಲೆ ಅವರು ಪತ್ರಿಕಿ ಮನಿಯೊಳಗ ತರಗೊಡ್ಲಿಲ್ಲ. ಮಂದಿ ಎಲ್ಲಾ ನೋಡಿದ್ರು. ನಾ ನೋಡಿಲ್ಲ."

ಮೂಲಪ್ರತಿ ವಾಪಸು ಬರಲಿಲ್ಲ. ಪತ್ರಿಕೆಯೂ ಎಂದೋ ನಿಂತಿತು. ನಿಮ್ಮ ಯಜಮಾನರು ತೀರಿಕೊಂಡ ಮೇಲೆ ರಾಣೆಬೆನ್ನೂರಿನಿಂದ ಕತ್ರಿಗುಪ್ಪೆಗೆ, ತಮ್ಮನ ಮನೆಗೆ ಬಂದಿದ್ದಿರಿ. ಮಗುವಿನ ಮುಖ ಈಗ ನೆನಪಾಗುವುದಿಲ್ಲ ಎಂದಿರಿ. ಕಿವಿ ನೆನಪಿದೆ, ಕೈ ನೆನಪಿದೆ, ಮುಖ ಬರುವುದಿಲ್ಲ.

ನಿಮ್ಮ ತಮ್ಮನ ಮದುವೆ ಅದೇ ವರ್ಷ, ದೀಪಾವಳಿ ಕಳೆದ ಮೇಲೆ. ಆ ಮದುವೆಯಲ್ಲೇ ಯಾರೋ ನಿಮಗೆ ಹೇಳಿದ್ದರು, ಪತ್ರಿಕೆಯಲ್ಲಿ ಕೂಸಿನ ಫೋಟೋ ನೋಡಿದೆವು ಅಂತ. ಇದು ತಿಳಿದ ಮೇಲೆ ಯಾರಾದರೂ ವರ್ಷದ ಕೊನೆಯ ಸಂಪುಟದಿಂದ ಶುರುಮಾಡುತ್ತಿದ್ದರು. ಮೂರು ಮೂರು ತಿಂಗಳಿಗೊಂದರಂತೆ ನಾಲ್ಕು ಸಂಪುಟ. "ಮೊದಲಿಂದ ನೋಡೋಣ, ಒಂದೂ ತಪ್ಪಿಹೋಗ್ಬಾರ್ದು" ಎಂದವನು ನಾನು.

ಮಂಗಳವಾರ, ಶುಕ್ರವಾರ ನೀವು ಬರುತ್ತಿದ್ದಿರಿ. ಪುಟವನ್ನು ನಾನು ತಿರುಗಿಸುತ್ತಿದ್ದೆ, ಕಾಗದ ಮುಟ್ಟಿದರೆ ಪುಡಿಯಾಗುವಷ್ಟು ಹಳೆಯದು. ಮಕ್ಕಳ ಪುಟ ಬಂದಾಗ ನೀವು ಕನ್ನಡಕ ಒರೆಸಿಕೊಂಡು ಒಂದೊಂದು ಮುಖವನ್ನೂ ನೋಡುತ್ತಿದ್ದಿರಿ. ನಿಮ್ಮದಲ್ಲ ಎಂದು ಹೆಸರು ಓದಿ ಗೊತ್ತಾದ ಮೇಲೂ ನೋಡುತ್ತಿದ್ದಿರಿ. "ಇದು ನೋಡ್ರಿ, ಅಳೂ ಮಾರಿ ಮಾಡೇತಿ. ಇದರ ಅಪ್ಪ ಸ್ಟುಡಿಯೋದಾಗ ಬೈದಿರಬೇಕು." ಮಧ್ಯಾಹ್ನ ಹೊರಗಿನ ಮೆಟ್ಟಿಲ ಮೇಲೆ ಕೂತು ರೊಟ್ಟಿ, ಶೇಂಗಾ ಚಟ್ನಿ. ನನ್ನ ಪಾಲನ್ನು ಬೇರೆ ಕಟ್ಟಿ ತರುತ್ತಿದ್ದಿರಿ.

ಒಂದು ದಿನ ರುದ್ರಪ್ಪ ಕೇಳಿದ, "ಏನ್ ಸಾರ್, ರೀಸರ್ಚಿಗೆ ಅಸಿಸ್ಟೆಂಟ್ ಸಿಕ್ಕಿದ್ರಾ?"

"ಅಸಿಸ್ಟೆಂಟ್ ಅವರ ರೀ" ಎಂದಿರಿ ನೀವು. "ನಾ ಮಾಲಕಿ. ಪುಟ ತಿರುವಾಕ ಇಟಗೊಂಡೀನಿ."

ರುದ್ರಪ್ಪ ನಕ್ಕ. ನಾನೂ ನಕ್ಕೆ. ಆ ವರ್ಷ ನಾನು ಬೇರೆ ಯಾವಾಗ ನಕ್ಕಿದ್ದೆನೋ ಕಾಣೆ.

ಮೂರು ಸಂಪುಟ ಮುಗಿದವು. ನಾಲ್ಕನೆಯದಕ್ಕೆ ನಾನು ಒಳಗೆ ಹೋದೆ.

ಖಾಯಂ ಓದುಗರಲ್ಲಿ ಒಂದು ಕೆಟ್ಟ ಅಭ್ಯಾಸವಿದೆ. ನಾಳೆಗೆ ಬೇಕಾದ ಪುಸ್ತಕ ಇನ್ನೊಬ್ಬರಿಗೆ ಸಿಗದಿರಲಿ ಎಂದು ಬೇರೆ ಕಪಾಟಿನಲ್ಲಿ ಇಟ್ಟುಹೋಗುವುದು. ಪರೀಕ್ಷೆಗೆ ಓದುವವರು ಮಾಡುತ್ತಾರೆ, ಪ್ರಬಂಧ ಬರೆಯುವ ವಿದ್ವಾಂಸರೂ ಮಾಡುತ್ತಾರೆ. ಕಳವೇನಲ್ಲ ಎಂದುಕೊಳ್ಳುತ್ತಾರೆ, ಪುಸ್ತಕ ಕಟ್ಟಡದಲ್ಲೇ ಇದೆಯಲ್ಲ. ಆದರೆ ಅಷ್ಟು ಸಾಲುಗಳ ನಡುವೆ, ತನ್ನ ಜಾಗದಲ್ಲಿಲ್ಲದ ಪುಸ್ತಕ ಯಾರಿಗೂ ಸಿಗುವುದಿಲ್ಲ. ನಾನು ಆ ಸಂಪುಟವನ್ನು ಹಳೆಯ ರೈಲ್ವೆ ವೇಳಾಪಟ್ಟಿಗಳ ಹಿಂದೆ, ಬೆನ್ನು ಒಳಗಾಗಿ ಇಟ್ಟೆ.

ಅದಕ್ಕೆ ಮುಂಚೆ ತೆರೆದಿದ್ದೆನೇ? ತೆರೆದಿರಲಿಲ್ಲ ಎಂದಾದರೆ ಅದು ಬರಿಯ ಚಪಲ— ಇನ್ನೊಂದು ವಾರ, ಇನ್ನೆರಡು ಮಂಗಳವಾರ ನೀವು ಬರಲಿ ಎಂಬ ಆಸೆ. ತೆರೆದಿದ್ದೆ ಎಂದಾದರೆ, ಶೈಲಾಳ ಮುಖ ನೋಡಿ, ಅಡಿಯಲ್ಲಿ ರಾಣೆಬೆನ್ನೂರು ಎಂದು ಓದಿ, ಆಮೇಲೆ ಮುಚ್ಚಿದ್ದೆ. ಕಪಾಟಿನ ನೆರಳಿನಲ್ಲಿ ನಿಂತು ಪುಟದ ಮೇಲೆ ಬೆರಳಿಟ್ಟ ಹಾಗೆ ಒಂದು ಚಿತ್ರ ಬರುತ್ತದೆ. ಅದು ಆ ದಿನದ್ದೋ, ಮುಂದಿನದ್ದೋ—

ಹೊರಗೆ ಬಂದು ಹೇಳಿದೆ, "ಬೈಂಡಿಂಗಿಗೆ ಹೋಗಿದೆ ನೀಲಮ್ಮನೋರೆ. ಬರುತ್ತೆ."

"ಇರ್ಲಿ ಬಿಡ್ರಿ. ಇಷ್ಟ ವರ್ಷ ಕಾದೀನಿ, ಇನ್ನೊಂದ್ ವಾರ ಏನ್ ಹೆಚ್ಚು."

ಇಷ್ಟಕ್ಕೇ ನಿಂತಿದ್ದರೆ ಅದನ್ನು ಸುಳ್ಳು ಎಂದು ಕರೆದು ಸುಮ್ಮನಿರಬಹುದಿತ್ತು. ಮೂರನೇ ವಾರ ನೀವು ಕೆಳಗೆ ಹೋಗಿ ಗ್ರಂಥಪಾಲಕರನ್ನೇ ವಿಚಾರಿಸುತ್ತೇನೆ ಎಂದಿರಿ. ನನಗೆ ಹೆದರಿಕೆಯಾಯಿತು. ಆಗ ಆ ಮಾತು ಆಡಿದೆ. ಇದು ಮಾತ್ರ ಅಕ್ಷರಶಃ ನೆನಪಿದೆ.

"ವರ್ಷ ಅದೇ ಅಂತ ಗ್ಯಾರಂಟಿನಾ? ಇಷ್ಟು ಕಾಲ ಆದ್ಮೇಲೆ ನೆನಪು ಮೋಸ ಮಾಡುತ್ತೆ. ಹಿಂದಿನ ವರ್ಷದ್ದು ನೋಡೋಣ."

ನೀವು ನನ್ನ ಮುಖ ನೋಡಿದಿರಿ. ಬೆರಳು ಮಡಚಿ ಎಣಿಸಿದಿರಿ— ತಮ್ಮನ ಮದುವೆ, ಶೈಲಾ ಹುಟ್ಟಿದ್ದು, ಹೋದದ್ದು. ಮತ್ತೆ ಎಣಿಸಿದಿರಿ. ಎರಡನೇ ಸಲದ ಲೆಕ್ಕ ಮೊದಲಿನದಕ್ಕೆ ತಾಳೆಯಾಗಲಿಲ್ಲ ಅಂತ ಕಾಣುತ್ತದೆ.

"ಹೌದೇನ್ರಿ. ನಂದ ತಪ್ಪಿರಬೇಕು."

ಹಿಂದಿನ ವರ್ಷ ತಂದೆ. ಅದರ ಹಿಂದಿನದೂ ತಂದೆ. ನೀವು ಹೇಳಿದ ಪ್ರಕಾರ ಆಗ ಶೈಲಾ ಇನ್ನೂ ಹುಟ್ಟಿಯೇ ಇರಲಿಲ್ಲ. ಆದರೂ ನೀವು ನೋಡಿದಿರಿ. ಈಗ ಮುಖಗಳ ಬಗ್ಗೆ ತಮಾಷೆ ಮಾಡುತ್ತಿರಲಿಲ್ಲ. ಪ್ರತಿ ಮಗುವಿನ ಮುಂದೆಯೂ ಬೆರಳು ನಿಂತು, ಇದೇ ಇರಬಹುದೇ ಎನ್ನುವ ಹಾಗೆ— ಹೆಸರು ಬೇರೆ ಇದ್ದರೂ. ಒಂದು ಸಲ ಕೇಳಿದಿರಿ, "ಸರ, ಹೆಸರು ತಪ್ಪ ಅಚ್ಚಾಗಿರತಾವೇನ್ರಿ?" ನಾನು ಮೂವತ್ತು ವರ್ಷ ಕರಡು ತಿದ್ದಿದವನು. "ಆಗಿರತ್ತೆ" ಎಂದೆ.

ಕರಡಿನ ಕಾಲಂಗಳಲ್ಲಿ ಸಾಲು ತಪ್ಪಿದರೆ ತಿದ್ದುತ್ತಿದ್ದೆ. ನಿಮ್ಮಲ್ಲಿ ಸರಿಯಿದ್ದ ಸಾಲನ್ನು ಕೂತು ಕೆಡಿಸಿದೆ. ಅದೂ ರೊಟ್ಟಿ ತಿನ್ನುತ್ತಾ.

ಆಮೇಲೆ ನೀವು ಬರಲಿಲ್ಲ. ಎರಡು ಮಂಗಳವಾರ ಕಾದೆ. ಮೂರನೆಯ ಮಂಗಳವಾರ ವೇಳಾಪಟ್ಟಿಗಳ ಹಿಂದಿನಿಂದ ಸಂಪುಟ ತೆಗೆದು ಪುಟ ಹುಡುಕಿದೆ. ಕಾರ್ತಿಕ ಮಾಸದ ಸಂಚಿಕೆ. ಕುಮಾರಿ ಶೈಲಾ, ಒಂದೂವರೆ ವರ್ಷ, ರಾಣೆಬೆನ್ನೂರು. ವರ್ಷ ನೀವು ಮೊದಲ ಚೀಟಿಯಲ್ಲಿ ಬರೆದದ್ದೇ. ಫೋನಿನಲ್ಲಿ ಚಿತ್ರ ತೆಗೆದುಕೊಂಡು, ಸಂಪುಟವನ್ನು ಅದರ ಜಾಗದಲ್ಲಿಟ್ಟು, ಕತ್ರಿಗುಪ್ಪೆಗೆ ಹೋದೆ. ನೀರಿನ ಟ್ಯಾಂಕಿನ ಹತ್ತಿರ, ಸ್ಟೇಷನರಿ ಅಂಗಡಿಯ ಮೇಲಿನ ಮನೆ ಎಂದು ನೀವೇ ಹೇಳಿದ್ದಿರಿ. ಬಾಗಿಲು ತೆಗೆದದ್ದು ನಿಮ್ಮ ತಮ್ಮನ ಮಗಳು.

"ಓ, ಲೈಬ್ರರಿ ಅಂಕಲ್ಲಾ? ಅತ್ತೆ ಊರಿಗೆ ಹೋದ್ರು. ಇನ್ಮೇಲೆ ಅಲ್ಲೇ ಇರ್ತಾರಂತೆ, ತಂಗಿ ಮನೇಲಿ." ಚಿಲಕ ಹಿಡಿದುಕೊಂಡೇ ಹೇಳಿದಳು, "ಅದೇನೋ ಫೋಟೋ ಹುಡುಕ್ತಿದ್ರಲ್ಲ. ಅದು ಬಂದೇ ಇರ್ಲಿಲ್ವಂತೆ. ನಾನೇ ಮನಸ್ಸಲ್ಲಿ ಕಟ್ಕೊಂಡಿದ್ದೆ ಅಂತ ಅವರೇ ಹೇಳಿದ್ರು. ಏನ್ ವಿಷಯ ಅಂಕಲ್? ಹೇಳ್ಬೇಕಾ ಏನಾದ್ರೂ?"

ಫೋನು ಜೇಬಿನಲ್ಲಿತ್ತು. ತೋರಿಸಿದರೆ ಎಲ್ಲಿತ್ತು ಎಂದು ಕೇಳುತ್ತಾಳೆ. ಯಾವಾಗ ಸಿಕ್ಕಿತು ಎಂದು ಕೇಳುತ್ತಾಳೆ.

"ಏನಿಲ್ಲಮ್ಮ. ಬಹಳ ದಿನ ಆಯ್ತು ನೋಡಿ, ಅದಕ್ಕೆ."

ಅವಳ ನಂಬರು ತೆಗೆದುಕೊಂಡೆ. ಮೆಟ್ಟಿಲು ಇಳಿದೆ. ಆರು ವರ್ಷ— ಏಳು— ಆ ನಂಬರೂ ಆ ಚಿತ್ರವೂ ಒಂದೇ ಫೋನಿನಲ್ಲಿದ್ದವು. ಫೋನು ಬದಲಾಯಿಸಿದಾಗ ಎರಡನ್ನೂ ಹೊಸದಕ್ಕೆ ಹಾಕಿಸಿಕೊಂಡೆ. ಕಳಿಸಲಿಲ್ಲ. ಗ್ರಂಥಾಲಯಕ್ಕೆ ಹೋಗುವುದು ಬಿಟ್ಟೆ. ಅದನ್ನು ಪ್ರಾಯಶ್ಚಿತ್ತ ಎಂದು ಯಾರೂ ತಿಳಿಯಬಾರದು, ಆ ಎದುರಿನ ಕುರ್ಚಿ ನೋಡಲಾಗುತ್ತಿರಲಿಲ್ಲ, ಅಷ್ಟೆ.

ಕಳೆದ ತಿಂಗಳು ಕಳಿಸಿದೆ. ಚಿತ್ರ, ಪತ್ರಿಕೆಯ ವರ್ಷ, ಬಚ್ಚಿಟ್ಟದ್ದು, ವರ್ಷ ತಪ್ಪೆಂದು ನಿಮ್ಮನ್ನು ನಂಬಿಸಿದ್ದು— ಎಲ್ಲ ಬರೆದು, ಇದನ್ನು ಅತ್ತೆಗೆ ಓದಿ ಹೇಳು, ವರ್ಷ ಅವರು ಹೇಳಿದ್ದೇ ಸರಿ ಎಂದು ಮೊದಲು ಹೇಳು ಎಂದೆ. ಅವಳ ಉತ್ತರ ಮಾರನೇ ದಿನ ಬಂತು. "ಯಾಕ್ ಅಂಕಲ್ ಹೀಗ್ ಮಾಡಿದ್ರಿ." ಅದರ ಕೆಳಗೆ, ಸ್ವಲ್ಪ ಹೊತ್ತಿನ ನಂತರ, "ಊರಿಗೆ ಹೋದಾಗ ತೋರಿಸ್ತೀನಿ. ಅತ್ತೆಗೆ ಈಗ ಮರೆವು ಜಾಸ್ತಿ."

ಯಾಕೆ ಎನ್ನುವುದಕ್ಕೆ ಉತ್ತರ ಟೈಪ್ ಮಾಡಿ ಅಳಿಸಿದೆ. ಒಂಟಿಯಾಗಿದ್ದೆ ಎನ್ನುವುದು ಉತ್ತರವಲ್ಲ. ನೀವೂ ಒಂಟಿಯಾಗಿದ್ದಿರಿ, ನೀವು ಯಾರದೇನನ್ನೂ ಬಚ್ಚಿಡಲಿಲ್ಲ.

ಆಮೇಲೆ ಅಲ್ಲಿಂದ ಏನೂ ಬಂದಿಲ್ಲ. ಅವಳು ಊರಿಗೆ ಹೋದಳೋ ಇಲ್ಲವೋ ಗೊತ್ತಿಲ್ಲ. ತೋರಿಸಿದ್ದರೆ, ನೀವು ಕನ್ನಡಕ ಹಾಕಿಕೊಂಡು ನೋಡಿದಿರೋ ಗೊತ್ತಿಲ್ಲ. ನೋಡಿ, ಇದು ನನ್ನ ಶೈಲಾ ಎಂದಿರೋ, ಅಥವಾ ಯಾರದೋ ಕೂಸು, ಹೆಸರು ತಪ್ಪು ಅಚ್ಚಾಗಿದೆ ಎಂದಿರೋ— ಅದೂ ನನಗೆ ಗೊತ್ತಿಲ್ಲ.