ಸುಶೀಲತ್ತೆಯ ಮೊದಲ ತುತ್ತು

ಹುರುಳಿಕಾಳಿನ ಬಸ್ಸಾರು ಕುದಿಯುವ ವಾಸನೆ ಎಲ್ಲಿಂದಲಾದರೂ ತೇಲಿಬಂದರೆ ಇವತ್ತಿಗೂ ನನ್ನ ಕೈ ತಟ್ಟೆಯ ಅಂಚಿನಲ್ಲೇ ನಿಂತುಬಿಡುತ್ತದೆ. ತುಮಕೂರಿನ ಉಪ್ಪಾರಹಳ್ಳಿಯ ನಮ್ಮ ಮನೆಯಲ್ಲಿ ಬಡಿಸಿದ ಕೂಡಲೇ ಯಾರೂ ಉಣ್ಣುತ್ತಿರಲಿಲ್ಲ. ಅಪ್ಪನ ತಂಗಿ ಸುಶೀಲತ್ತೆ, ಚಿಕ್ಕಪ್ಪ ಶಿವಣ್ಣನ ತಟ್ಟೆಯಿಂದ ಮುದ್ದೆಯ ಒಂದು ತುತ್ತು ಮುರಿದು, ಸಾರಿನಲ್ಲಿ ಅದ್ದಿ ನುಂಗಿ, ಎಂಜಲು ಕೈಯನ್ನು ಹಾಗೇ ಹಿಡಿದು ಕೂರುತ್ತಿದ್ದಳು. ಚಿಕ್ಕಪ್ಪ ಅವಳ ಮುಖವನ್ನೇ ನೋಡುತ್ತಿದ್ದ. ಸ್ವಲ್ಪ ಹೊತ್ತಾದ ಮೇಲೆ ಅತ್ತೆ, "ನೋಡು, ನಂಗೇನೂ ಆಗಿಲ್ಲ ಕಣೋ," ಅನ್ನುತ್ತಿದ್ದಳು. ಆಗ ಅವನು ತಟ್ಟೆಗೆ ಕೈಹಾಕುತ್ತಿದ್ದ, ಅವನ ಹಿಂದೆ ನಾವೆಲ್ಲ. ಎಲ್ಲರ ಮನೆಯಲ್ಲೂ ಊಟವೆಂದರೆ ಹೀಗೇ ಎಂದು ನಾನು ಬಹಳ ಕಾಲ ನಂಬಿದ್ದೆ.

ಚಿಕ್ಕಪ್ಪ ಪಾಲಿಟೆಕ್ನಿಕ್ ಓದುವಾಗ ಕಾಯಿಲೆಗೆ ಬಿದ್ದವನು. ಡಾಕ್ಟರು ಕೊಟ್ಟ ಮಾತ್ರೆಗಳಿಂದ ಅವನ ಕಿವಿಯಲ್ಲಿ ಬೈಯುತ್ತಿದ್ದ ದನಿಗಳು ಅಡಗಿದವು. ಅನ್ನದಲ್ಲಿ ವಿಷವಿದೆ ಎಂಬ ಭಯ ಮಾತ್ರ ಹೋಗಲಿಲ್ಲ. ಅತ್ತೆ ಗುಬ್ಬಿಯ ಶಾಲೆಯೊಂದರಲ್ಲಿ ಟೀಚರ್. ಬೆಳಗಿನ ಬಸ್ಸಿಗೆ ಮುಂಚೆ ಒಮ್ಮೆ, ಸಂಜೆ ಬಂದು ಚಪ್ಪಲಿ ಬಿಟ್ಟ ಕೂಡಲೇ ಇನ್ನೊಮ್ಮೆ ಅವನ ತಟ್ಟೆಯ ಮುಂದೆ ಕೂರುತ್ತಿದ್ದಳು. ನಡುವೆ ಅವನು ಹಸಿದೇ ಇರುತ್ತಿದ್ದ. ಶಾಲೆಯ ಪ್ರವಾಸಕ್ಕಾಗಲಿ ಗೆಳತಿಯರ ಮದುವೆಗಾಗಲಿ ಅವಳು ಒಂದು ರಾತ್ರಿಯೂ ಹೊರಗೆ ಉಳಿದವಳಲ್ಲ. ಕುಣಿಗಲ್ಲಿಗೆ ಹೆಡ್‌ಮಿಸ್ ಆಗಿ ಬಡ್ತಿ ಬಂದಾಗ ಒಮ್ಮೆ ಮಾತ್ರ ಗಟ್ಟಿ ಮನಸ್ಸು ಮಾಡಿ ಹೋಗಿ, ಅಲ್ಲೇ ರೂಮು ಮಾಡಿದಳು. ನಾಲ್ಕನೇ ದಿನ ಅಪ್ಪ ಫೋನ್ ಮಾಡಿ, "ಶಿವ ನೀರನ್ನೂ ಮುಟ್ತಿಲ್ಲ ಕಣಮ್ಮ," ಎಂದ. ಬಡ್ತಿ ಬೇಡವೆಂದು ಬರೆದುಕೊಟ್ಟು ವಾಪಸು ಬಂದಳು. ಅದಕ್ಕೂ ಮೊದಲೇ ಒಂದು ಒಳ್ಳೆಯ ಸಂಬಂಧ ಹೀಗೇ ಹಿಂದಕ್ಕೆ ಹೋಗಿತ್ತಂತೆ. ಅಮ್ಮ ಒಮ್ಮೆ ತಡೆಯಲಾರದೆ ಕೇಳಿಯೇಬಿಟ್ಟಳು: "ನಿಂಗೇ ಅಂತ ಏನೂ ಬೇಡ್ವೇನೇ, ಸುಶೀಲಾ?"

"ಬೇಕು ಅತ್ತಿಗೆ. ಒಂದಿನ ಬಿಸಿಬಿಸಿ ಊಟ ಬೇಕು," ಎಂದು ಅತ್ತೆ ನಕ್ಕಳು.

ನಲವತ್ತು ದಾಟಿದ ಮೇಲೆ ಅವಳಿಗೆ ಸಕ್ಕರೆ ಕಾಯಿಲೆ ಬಂತು. ಊಟಕ್ಕೆ ಮುಂಚೆ ಇನ್ಸುಲಿನ್ ಸೂಜಿ ಚುಚ್ಚಿಕೊಳ್ಳಬೇಕಿತ್ತು. ನಾನು ಏಳನೇ ಕ್ಲಾಸಿನಲ್ಲಿದ್ದಾಗ, ಒಂದು ಭಾನುವಾರ ಮಧ್ಯಾಹ್ನ, ಅವಳು ಸೂಜಿ ಚುಚ್ಚಿಕೊಂಡು, ಏನೂ ತಿನ್ನದೆ ಕಾದಳು. ಚಿಕ್ಕಪ್ಪ ರೂಮಿನಿಂದ ಬರಲು ಬಹಳ ಹೊತ್ತು ಒಪ್ಪಲಿಲ್ಲ. ಕೊನೆಗೂ ಬಂದು ಕೂತ. ಅತ್ತೆ ಮೊದಲ ತುತ್ತು ನುಂಗಿದಳು, ಬೆವೆತಳು, ಗೋಡೆಗೆ ಒರಗಲು ಹೋಗಿ ನೆಲಕ್ಕೆ ಕುಸಿದಳು.

"ನಾನ್ ಹೇಳ್ಲಿಲ್ವಾ! ವಿಷ ಹಾಕವ್ರೆ!" ಚಿಕ್ಕಪ್ಪ ಕಿರುಚಿದ.

ಸಕ್ಕರೆ ಇಳಿದಿದೆ ಎಂದು ಅಪ್ಪನಿಗೆ ಗೊತ್ತಾಯಿತು. ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಒಸಡಿಗೆ ಸಕ್ಕರೆ ತಿಕ್ಕತೊಡಗಿದ. ನಾನು ತಿರುಗಿ ನೋಡಿದರೆ, ಚಿಕ್ಕಪ್ಪ ಅದೇ ತಟ್ಟೆಯನ್ನು ಎದೆಗೆ ಅವಚಿಕೊಂಡು, ಅಳುತ್ತಾ, ಗಬಗಬನೆ ತಿನ್ನುತ್ತಿದ್ದ. ಅಮ್ಮ ಕಿತ್ತುಕೊಳ್ಳಲು ಹೋದಳು. "ಬುಡಿ ಅತ್ತಿಗೆ," ಎಂದ, "ಅಕ್ಕ ಹೋದ್ಮೇಲೆ ನಾನೊಬ್ನೇ ಇದ್ದು ಏನ್ ಮಾಡ್ಲಿ?"

ಅತ್ತೆ ಕಣ್ಣುಬಿಟ್ಟಳು. ಅವನ ಭಯವೇನೂ ವಾಸಿಯಾಗಲಿಲ್ಲ. ಆದರೆ ಆ ಸಂಜೆ ಅವಳು ಕೈಚಾಚಿದಾಗ ಅವನು ತಟ್ಟೆಯನ್ನು ತನ್ನ ಕಡೆಗೆ ಎಳೆದುಕೊಂಡ. "ನೀನ್ ಸುಮ್ನಿರಕ್ಕ. ಇನ್ಮೇಲೆ ಮೊದ್ಲು ನಾನ್ ತಿಂದು ನೋಡ್ತೀನಿ." ವಿಷವೆಂದು ನಂಬಿಯೇ ಅವನು ಆ ತುತ್ತು ನುಂಗಿದ, ಮರುದಿನವೂ ನುಂಗಿದ, ಒಂಬತ್ತು ವರ್ಷ ನುಂಗಿದ. ಅಂಥ ಧೈರ್ಯವನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ಕಿಡ್ನಿ ಹಾಳಾಗಿ ಅತ್ತೆ ತೀರಿಕೊಂಡಳು. ಹನ್ನೊಂದನೇ ದಿನ ಅವಳ ಫೋಟೋದ ಮುಂದೆ ಬಾಳೆಎಲೆ ಹಾಕಿ ಎಡೆ ಬಡಿಸಿದರು. ಎಡೆಯಾಗುವ ಮುಂಚೆ ಯಾರೂ ಬಾಯಿಗೆ ಹಾಕುವಂತಿಲ್ಲ. ಚಿಕ್ಕಪ್ಪ ನೆಂಟರನ್ನೆಲ್ಲ ಸರಿಸಿಕೊಂಡು ಬಂದು, ಎಲೆಯ ಮೇಲಿದ್ದ ಒಂದೊಂದರಿಂದಲೂ ಚೂರು ತೆಗೆದು ತಿಂದ. ಗುಜುಗುಜು ಎದ್ದಿತು. "ಯಾರೂ ಮಾತಾಡ್ಬೇಡಿ," ಎಂದ ಅಪ್ಪ. ಚಿಕ್ಕಪ್ಪ ಸ್ವಲ್ಪ ಹೊತ್ತು ಕೂತಿದ್ದು, ಎಲೆಯನ್ನು ಮೆಲ್ಲಗೆ ಫೋಟೋದ ಕಡೆಗೆ ತಳ್ಳಿದ. "ಈಗ ಉಣ್ಣಕ್ಕ."

ಮುಂದಿನ ವರ್ಷ ಅವನೂ ಹೋದ. ಉಪ್ಪಾರಹಳ್ಳಿಯ ಆ ಮನೆಯೂ ಈಗಿಲ್ಲ. ಗುಬ್ಬಿ ಹತ್ತಿರದ ಕಡಬದ ನಮ್ಮ ತೆಂಗಿನ ತೋಟದಲ್ಲಿ ಇಬ್ಬರನ್ನೂ ಅಕ್ಕಪಕ್ಕದಲ್ಲಿ ಮಲಗಿಸಿದ್ದೇವೆ. ಅಲ್ಲಿ ನಿಂತಾಗಲೆಲ್ಲ, ಇವರಿಬ್ಬರಲ್ಲಿ ಯಾರು ಯಾರನ್ನು ಸಾಕಿದರೆಂದು ನನಗೆ ಹೇಳಲು ಬರುವುದಿಲ್ಲ.