ಕಣ್ಣು ಉರಿಸದ ಅಂಟು

ಇದನ್ನು ಹೇಳಬೇಕೆಂದು ಎಷ್ಟೋ ಸಲ ಬಾಯಿ ತೆರೆದು ಮುಚ್ಚಿಕೊಂಡಿದ್ದೇನೆ. ಮೊನ್ನೆ ಮದ್ದೂರಿನ ನಮ್ಮ ಬಾಗಿಲು ತಯಾರಿಸುವ ಶೆಡ್ಡಿನಲ್ಲಿ, ಪ್ಲೈವುಡ್ ಹಾಳೆಗಳಿಗೆ ಅಂಟು ಬಳಿಯುವ ಸಿದ್ದಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾ ರೇಗಿದಳು: "ನಿಮ್ ಸೊಸೆ ಮಾಡಿದ್ ಅಂಟು ಎಲ್ಲೋಯ್ತು ಗೌಡ್ರೇ? ಅದ್ರಲ್ಲಿ ಕಣ್ಣೂ ಉರೀತಿರ್ಲಿಲ್ಲ, ಕೆಮ್ಮೂ ಬತ್ತಿರ್ಲಿಲ್ಲ. ಇದ್ನ ಒಂದಿನ ನೀವೇ ಬಳೀರಿ, ಗೊತ್ತಾಯ್ತದೆ!"

"ಅದು ಹಿಡೀಲಿಲ್ವಲ್ಲಮ್ಮ, ಬುಡು" ಎಂದೆ. ಮತ್ತದೇ ಸುಳ್ಳು. ನನ್ನ ಮೇಲೆ ನನಗೇ ರೋಸಿಹೋಯಿತು.

ಭಾರತೀನಗರದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದ ಸೊಸೆ ಸವಿತಾ, ವಿಷದ ಘಾಟು ಕಡಿಮೆಯಿರುವ ರೆಸಿನ್ ಅಂಟನ್ನು ತಿಂಗಳುಗಟ್ಟಲೆ ಕುದಿಸಿ, ಕೆಟ್ಟರೆ ಚೆಲ್ಲಿ, ಮತ್ತೆ ಕುದಿಸಿ ಹದಕ್ಕೆ ತಂದಿದ್ದಳು. ಚಿಕ್ಕ ತುಂಡುಗಳು ಗಟ್ಟಿಯಾಗಿ ಹಿಡಿದವು. ಇಡೀ ಬಾಗಿಲನ್ನು ಅಂಟಿಸುವ ದಿನ ಮಾತ್ರ ನನಗೆ ನಂಬಿಕೆ ಸಾಲಲಿಲ್ಲ. ಕಣ್ಣು ಉರಿಸದಿದ್ದರೆ ಅದೆಂಥ ಅಂಟು ಎಂದುಕೊಂಡು, ಅವಳು ಆಚೆ ಹೋದಾಗ ಅವಳ ಬಕೆಟ್ಟಿಗೆ ಹಳೇ ಅಂಟನ್ನು ಒಂದು ಚೊಂಬು ಸುರಿದೆ. ಎರಡು ಅಂಟೂ ಒಂದಕ್ಕೊಂದು ಹೊಂದದೆ, ಒತ್ತುವ ಪ್ರೆಸ್ಸಿನಿಂದ ತೆಗೆದ ಬಾಗಿಲು ಹಪ್ಪಳದಂತೆ ಉಬ್ಬಿತ್ತು.

"ನಾನೆಲ್ಲಿ ತಪ್ಪಿದೆ ಮಾವ?" ಎಂದಳು. "ಅಂಟೇ ಹಿಡೀಲಿಲ್ಲ ಕಣಮ್ಮ, ಬುಡು" ಎಂದೆ. ಅವಳು ಅಂಟು ಕುದಿಸುವ ಒಲೆಯನ್ನು ಮತ್ತೆ ಹಚ್ಚಲಿಲ್ಲ.

ಸಿದ್ದಮ್ಮ ಇವತ್ತೂ ಕಣ್ಣೊರೆಸಿಕೊಳ್ಳುತ್ತಲೇ ಹಳೇ ಅಂಟು ಬಳಿಯುತ್ತಿದ್ದಾಳೆ. ನಿನ್ನ ಅಂಟು ಚೆನ್ನಾಗಿಯೇ ಇತ್ತು, ಕೆಡಿಸಿದವನು ನಾನು, ಸವಿತಾ.